ನಾಲ್ಕು ಮನೆ ಬೆಕ್ಕಿಗೆ ದಿಕ್ಕು ಯಾರು?

ಸಂಪಾದಕರಿಗೆ ನಮಸ್ಕಾರ,

ನಾನು ದಾವಣಗೆರೆ ನಿಟುವಳ್ಳಿಯವಳು, ಮನೇಲೇ ಬ್ಲೌಸ್ ಹೊಲಿತೀನಿ. ನಿಮ್ಮ ಪೇಪರ್ ನಮ್ಮನೆಗೆ ಬರೋಕೆ ಶುರುವಾಗಿ ಇಪ್ಪತ್ತು ವರ್ಷದ ಮೇಲಾಯ್ತು, ಇದುವರೆಗೂ ಒಂದು ಪತ್ರ ಬರೆದವಳಲ್ಲ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಬೀದಿನಾಯಿಗಳ ಬಗ್ಗೆ ಆದೇಶ ಕೊಟ್ಟಾಗಿಂದ ಓದುಗರ ಪತ್ರದ ಜಾಗದಲ್ಲಿ ನಾಯಿ ಪರ ನಾಯಿ ವಿರೋಧ ಅಂತ ದಿನಾ ಓದ್ತಾನೇ ಇದೀನಿ, ಎಲ್ಲಾ ಬೇಕಾದ ಮಾತೇ, ಆದ್ರೆ ಬೆಕ್ಕಿನ ಬಗ್ಗೆ ಒಂದು ಸಾಲೂ ಕಾಣಲಿಲ್ಲ. ಬೆಕ್ಕು ಬೊಗಳಲ್ಲ, ಗಾಡಿ ಹಿಂದೆ ಅಟ್ಟಿಸ್ಕೊಂಡು ಬರಲ್ಲ, ಅದಕ್ಕೇ ಇರ್ಬೇಕು ಯಾರೂ ಬರೆಯಲ್ಲ. ನಮ್ಮನೆ ಬಾಗಿಲಿಗೆ ಊಟಕ್ಕೆ ಬರ್ತಿರೋ ಒಂದು ಬೆಕ್ಕಿಂದ ಈ ಒಂದು ವರ್ಷದಲ್ಲಿ ನಾನು ಏನು ಕಲಿತೆ, ಎಲ್ಲಿ ತಪ್ಪು ಮಾಡಿದೆ ಅಂತ ಹೇಳ್ಬೇಕು ಅನ್ನಿಸ್ತು. ಪತ್ರ ಉದ್ದ ಆಗಿದೆ, ದಯವಿಟ್ಟು ಕತ್ತರಿಸ್ದೆ ಹಾಕಿ.

ಅದು ಬಂದಿದ್ದು ಹೋದ ವರ್ಷ ದೀಪಾವಳಿ ರಾತ್ರಿ. ಹೊರಗಡೆ ಸರಪಟಾಕಿ ಸದ್ದು, ನಾನು ಹಬ್ಬಕ್ಕೆ ಅಂತ ಮುಚ್ಚಿಟ್ಟಿದ್ದ ಮಿಷನ್ ಹತ್ರ ಏನೋ ಸರಸರ ಅಂತು, ಬಗ್ಗಿ ನೋಡಿದ್ರೆ ಪೆಡಲ್ ಹಿಂದೆ ಒಂದು ಬೆಕ್ಕು, ಬಿಳಿ ಮೈ ಮೇಲೆ ಕರಿ ಮತ್ತೆ ಕಿತ್ತಳೆ ಪಟ್ಟೆ, ಕಣ್ಣು ಇಷ್ಟಗಲ ಮಾಡ್ಕೊಂಡು ಗೋಡೆಗೆ ಅಂಟ್ಕೊಂಡು ಕೂತಿತ್ತು. ನಾನು ಮುಟ್ಟೋಕೆ ಹೋಗಲಿಲ್ಲ, ಒಂದು ಪ್ಲೇಟಲ್ಲಿ ಹಾಲು ಇಟ್ಟು ಲೈಟ್ ಆರಿಸಿ ಬಂದೆ. ಬೆಳಿಗ್ಗೆ ಪ್ಲೇಟ್ ಖಾಲಿ, ಬೆಕ್ಕೂ ಇಲ್ಲ. ಸಂಜೆ ಆರೂವರೆಗೆ ಹಿತ್ತಲ ಬಾಗಿಲಲ್ಲಿ ಮ್ಯಾಂವ್ ಅಂತು ನೋಡಿ, ಅಲ್ಲಿಂದ ದಿನಾ ಬೆಳಿಗ್ಗೆ ಸಂಜೆ ಹಾಜರಿ. ಹತ್ರ ಹೋದ್ರೆ ಕಾಲಿಗೆ ಮೈ ಉಜ್ಜೋದು, ಮಿಷನ್ ಮೇಲೆ ಕೂತ್ರೆ ಕೆಳಗಡೆ ಕಟ್‌ಪೀಸ್ ಗಂಟಿನ ಮೇಲೆ ಬಂದು ಮಲಗೋದು, ಗುರುಗುರು ಅಂತ ಸದ್ದು ಮಾಡೋದು. ಒಬ್ಬರ ರೇಷ್ಮೆ ಬ್ಲೌಸಿಗೆ ಕೂದಲು ಅಂಟಿ ಅವರ ಹತ್ರ ಅನ್ನಿಸ್ಕೊಂಡಿದ್ದೂ ಆಯ್ತು. ಆಮೇಲಿಂದ ಆ ಗಂಟು ಬಾಗಿಲ ಆಚೆ ಇಟ್ಟೆ, ಹೊಲಿಯೋ ಬಟ್ಟೆ ಬೀರುವಿನಲ್ಲಿ ಇಟ್ಟೆ.

ಇಲ್ಲೇ ನನ್ನ ಮೊದಲನೇ ತಪ್ಪು. ಬೆಕ್ಕು ಅಂದ್ರೆ ಹಾಲು ಅಂತ ಚಿಕ್ಕಂದಿನಿಂದ ಕೇಳಿದ್ದೀವಿ ಅಲ್ವಾ, ನಮ್ಮನೇಲಿ ಎಮ್ಮೆ ಹಾಲು, ಗಟ್ಟಿ ಹಾಲು, ಅದನ್ನೇ ದಿನಾ ಎರಡು ಹೊತ್ತು ಹಾಕಿದೆ, ಜೊತೆಗೆ ಮಿಕ್ಕ ಅನ್ನ, ರೊಟ್ಟಿ ಚೂರು. ಒಂದು ವಾರಕ್ಕೆ ಅದಕ್ಕೆ ಭೇದಿ. ಹಿತ್ತಲಲ್ಲೆಲ್ಲಾ ಗಲೀಜು, ಮೈ ಸೊರಗಿ ಹೋಯ್ತು. ನಾನು ಅಯ್ಯೋ ಸೊರಗ್ತಿದೆ ಅಂತ ಇನ್ನೂ ಜಾಸ್ತಿ ಹಾಲು ಹಾಕಿದೆ. ಕೊನೆಗೆ ಪ್ರಾಣಿ ಡಾಕ್ಟರ ಹತ್ರ ಫೋನಲ್ಲಿ ಫೋಟೋ ತೋರಿಸಿ ಕೇಳಿದ್ರೆ ಅವರು ಹೇಳಿದ್ದು, ಬೆಕ್ಕಿನ ಮರಿಗೆ ತಾಯಿ ಹಾಲು ಅರಗುತ್ತೆ, ದೊಡ್ಡದಾದ ಮೇಲೆ ಹಾಲಿನ ಸಕ್ಕರೆ ಅರಗಿಸೋ ಶಕ್ತಿ ಬಹಳ ಬೆಕ್ಕುಗಳಿಗೆ ಹೊರಟೋಗುತ್ತೆ, ಹಾಲು ನಿಲ್ಲಿಸಿ ನೀರು ಇಡಿ ಅಂತ. ನಿಲ್ಲಿಸಿದ ಮೂರನೇ ದಿನಕ್ಕೆ ಭೇದಿ ನಿಲ್ತು. ಫೋಟೋ ನೋಡಿದ ತಕ್ಷಣ ಅವರು ಇನ್ನೊಂದು ಮಾತು ಹೇಳಿದ್ರು, ಇದು ಹೆಣ್ಣು ಅಂತ. ನಂಗೆ ಆಶ್ಚರ್ಯ, ಮುಖ ನೋಡಿ ಹೆಂಗೆ ಹೇಳಿದ್ರಿ ಅಂದೆ. ಕರಿ, ಬಿಳಿ, ಕಿತ್ತಳೆ ಮೂರೂ ಬಣ್ಣ ಇರೋ ಬೆಕ್ಕು ಹೆಚ್ಚುಕಮ್ಮಿ ಎಲ್ಲಾ ಹೆಣ್ಣೇ, ಕಿತ್ತಳೆ ಬಣ್ಣದ ಗುಣ ಎಕ್ಸ್ ಕ್ರೋಮೋಸೋಮಿನಲ್ಲಿ ಇರುತ್ತೆ, ಕರಿ ಕಿತ್ತಳೆ ಎರಡೂ ಕಾಣ್ಬೇಕಂದ್ರೆ ಎರಡು ಎಕ್ಸ್ ಬೇಕು, ಗಂಡಿನಲ್ಲಿ ಅದು ಬಹಳ ಅಪರೂಪ ಅಂದ್ರು.

ಹಾಲೂ ಬೇಡ ಅನ್ನವೂ ಸಾಲಲ್ಲ ಅಂದ್ರೆ ಏನು ಹಾಕೋದು? ನಮ್ಮದು ಲಿಂಗಾಯತರ ಮನೆ, ಮೊಟ್ಟೆನೂ ಒಳಗೆ ಬರಲ್ಲ. ಡಾಕ್ಟರ್ ಹೇಳಿದ್ದು, ನಾಯಿ ಆದ್ರೆ ಹೆಂಗೋ ಅನ್ನ ರೊಟ್ಟಿ ತಿಂದು ಇರುತ್ತೆ, ಬೆಕ್ಕು ಹುಟ್ಟಾ ಮಾಂಸ ತಿನ್ನೋ ಪ್ರಾಣಿ, ಅದಕ್ಕೆ ಮಾಂಸದಲ್ಲಿರೋ ಟಾರಿನ್ ಅನ್ನೋ ಸತ್ವ ಬೇಕೇ ಬೇಕು, ಅದು ಸೊಪ್ಪು ಕಾಳಿನಲ್ಲಿ ಇರಲ್ಲ, ಅದಿಲ್ಲ ಅಂದ್ರೆ ನಿಧಾನಕ್ಕೆ ಕಣ್ಣು ಹೋಗುತ್ತೆ, ಹಾರ್ಟ್ ಕೆಡುತ್ತೆ. ನಂಗೆ ಎರಡು ದಿನ ನಿದ್ದೆ ಬರ್ಲಿಲ್ಲ. ನಮ್ಮ ಅತ್ತೆಗೆ ಎಂಬತ್ತೊಂದು, ದಿನಾ ಇಷ್ಟಲಿಂಗ ಪೂಜೆ ಆಗದೆ ನೀರು ಬಾಯಿಗೆ ಹಾಕಲ್ಲ, ಅವರಿಗೆ ಹೆಂಗೆ ಹೇಳೋದು ಅಂತ. ಹೇಳ್ದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ಅದರ ಹೊಟ್ಟೆ ಶಿವ ಹಂಗೆ ಮಾಡ್ಯಾನೆ, ನಾವು ಬೇರೆ ಮಾಡಾಕೆ ಆಗ್ತೈತೇನವ್ವ, ಹಿತ್ತಲಾಗೆ ಇಡು, ಅಡಿಗೆ ಮನಿಗೆ ತರಬ್ಯಾಡ" ಅಂದ್ರು. ಅವತ್ತಿಂದ ಪ್ಯಾಕೆಟಿನ ಒಣ ಕ್ಯಾಟ್ ಫುಡ್ಡು, ಅದರಲ್ಲಿ ಟಾರಿನ್ ಸೇರಿಸಿರ್ತಾರೆ, ಹಿತ್ತಲ ಗೂಡಿನಲ್ಲಿ ಬಿಸ್ಕೆಟ್ ಡಬ್ಬದಲ್ಲಿ ಇರುತ್ತೆ, ಅದಕ್ಕೇ ಒಂದು ಸೌಟು, ಅದಕ್ಕೇ ಒಂದು ತಟ್ಟೆ. ಸಸ್ಯಾಹಾರಿ ಮನೆಯವರು ಬೆಕ್ಕಿಗೆ ಊಟ ಹಾಕೋಕೆ ಹಿಂಜರಿತಾರಲ್ಲ, ಅವರಿಗೋಸ್ಕರ ಇದನ್ನ ಬಿಡಿಸಿ ಬರೆದೆ.

ಇನ್ನೊಂದು ಮರೆತೆ. ಬೆಣ್ಣೆದೋಸೆ ಪಾರ್ಸೆಲ್ ತಂದ್ರೆ ಎಲೆಗೆ ಅಂಟಿರೋ ಬೆಣ್ಣೆ ನೆಕ್ಕೋಕೆ ಓಡಿ ಬರ್ತಿತ್ತು, ನಾವೂ ಪಲ್ಯ ಸಮೇತ ಹಾಕ್ತಿದ್ವಿ. ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿಗೆ ವಿಷ ಇದ್ದಂಗೆ, ಹಸಿದಾದ್ರೂ ಅಷ್ಟೇ ಬೇಯಿಸಿದ್ದಾದ್ರೂ ಅಷ್ಟೇ, ರಕ್ತದ ಕೆಂಪು ಕಣ ಒಡೆದು ಹಾಕುತ್ತೆ. ಸಾರು, ಪಲ್ಯ, ಒಗ್ಗರಣೆ ಹಾಕಿದ್ದು ಯಾವುದನ್ನೂ ಹಾಕ್ಬೇಡಿ.

ಇರ್ಲಿ. ಇಷ್ಟು ಪ್ರೀತಿ ಮಾಡೋ ಬೆಕ್ಕು, ಮನುಷ್ಯರ ಕಂಡ್ರೆ ಹೆದರದ ಬೆಕ್ಕು, ಇದು ಬೀದಿದು ಇರಲಾರದು, ಪಟಾಕಿಗೆ ಹೆದರಿ ಯಾರದೋ ಮನೆಯಿಂದ ಓಡಿ ಬಂದಿರ್ಬೇಕು, ಅವರು ಹುಡುಕ್ತಿರ್ತಾರೆ ಅಂತ ಅನ್ನಿಸ್ತು. ಪಿಜಿಯಲ್ಲಿರೋ ಒಂದು ಹುಡುಗಿ ಬ್ಲೌಸ್ ಕೊಡೋಕೆ ಬಂದವಳು ಒಂದು ಐಡಿಯಾ ಕೊಟ್ಲು. ನೋಟ್‌ಬುಕ್ ಹಾಳೆ ಉದ್ದಕ್ಕೆ ಒಂದು ಬೆರಳಗಲ ಕತ್ತರಿಸಿ, "ಈ ಬೆಕ್ಕು ನಿಮ್ಮದಾ? ನಾವು ದಿನಾ ಊಟ ಹಾಕ್ತಿದೀವಿ, ನಿಮ್ಮದಾದ್ರೆ ಫೋನ್ ಮಾಡಿ" ಅಂತ ನಂಬರ್ ಬರೆದು ಕೊರಳಿಗೆ ಸುತ್ತಿ ತುದಿಗೆ ಒಂದು ಚೂರು ಗೋಂದು ಹಚ್ಚಿದ್ವಿ. ದಯವಿಟ್ಟು ದಾರ ಕಟ್ಟಬೇಡಿ, ರಬ್ಬರ್ ಬ್ಯಾಂಡ್ ಹಾಕ್ಬೇಡಿ, ಬೆಕ್ಕು ಗೇಟು ಗಿಡ ಎಲ್ಲಾ ನುಸಿಯುತ್ತೆ, ಎಲ್ಲಾದ್ರೂ ಸಿಕ್ಕಿದ್ರೆ ಕತ್ತು ಬಿಗಿಯುತ್ತೆ. ಕಾಗದ ಆದ್ರೆ ಹರಿದೋಗುತ್ತೆ, ಹರಿದ್ರೆ ಇನ್ನೊಂದು ಸುತ್ತಿದ್ರಾಯ್ತು.

ಮೂರು ದಿನದಲ್ಲಿ ಮೂರು ಫೋನು. ಮೊದಲನೇದು ಎರಡು ಕ್ರಾಸ್ ಆಚೆ ಇರೋ ರಿಟೈರ್ಡ್ ಮೇಷ್ಟ್ರು, ಅವರ ಮನೇಲಿ ಅದರ ಹೆಸರು ಸುಬ್ಬಿ, ಬೆಳಿಗ್ಗೆ ಹತ್ತಕ್ಕೆ ಮೊಸರನ್ನ. ಎರಡನೇದು ಸರ್ಕಲ್ ಹತ್ರ ಎಗ್‌ರೈಸ್ ಗಾಡಿ ಅಣ್ಣ, ಅವನು ಅದನ್ನ ರಾಣಿ ಅಂತಾನೆ, "ಅಕ್ಕಾ, ರಾತ್ರಿ ಹತ್ತು ಗಂಟಿಗೆ ಗಾಡಿ ತೊಳೆಯೋ ಟೈಮಿಗೆ ಕರೆಕ್ಟಾಗಿ ಬರ್ತೈತೆ, ಒಂದು ಮೊಟ್ಟೆ ಇಟ್ಟಿರ್ತೀನ್ರಿ" ಅಂದ. ಮೂರನೇದು ಅದೇ ಪಿಜಿಯ ಬೇರೆ ರೂಮಿನ ಹುಡುಗೀರು, ಅವರ ಹತ್ರ ಅದು ಮ್ಯಾಗಿ. ನಮ್ಮ ಅತ್ತೆ ಪುಟ್ಟಿ ಅಂತಾರೆ. ನಾಲ್ಕು ಕಡೆ ನಾಲ್ಕು ಹೆಸರು, ನಾಲ್ಕು ಊಟ, ನಾಲ್ಕೂ ಜನ ಪಾಪ ಇದಕ್ಕೆ ನಾವು ಬಿಟ್ರೆ ಯಾರೂ ಇಲ್ಲ ಅಂತ ಅಂದ್ಕೊಂಡಿದ್ವಿ. ನಮ್ಮದು ಅಂತ ಹೇಳ್ಕೊಂಡು ಮಾತ್ರ ಯಾರೂ ಬರ್ಲಿಲ್ಲ.

ಮೇಷ್ಟ್ರು ಅದೇ ಫೋನಲ್ಲೇ ಹೇಳಿದ್ರು, "ಹೆಣ್ಣು ಬೆಕ್ಕು ಕಣಮ್ಮಾ, ಎಲ್ಲರೂ ಸೇರಿ ಆಪರೇಷನ್ ಮಾಡಿಸಿಬಿಡೋಣ, ಇಲ್ಲಾಂದ್ರೆ ಬೇಗ ಮರಿ ಹಾಕುತ್ತೆ" ಅಂತ. ಆಗ ಲಗ್ನದ ಸೀಸನ್ನು, ಮಿಷನ್ ಪಕ್ಕ ಬಟ್ಟೆ ರಾಶಿ ಬಿದ್ದಿತ್ತು, ನಾನು ಆಯ್ತು ಮೇಷ್ಟ್ರೇ ಸಂಕ್ರಾಂತಿ ಮುಗೀಲಿ ಅಂದೆ. ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಚುಚ್ಚುತ್ತೆ. ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ಗಬ್ಬ ನಿಂತ್ರೆ ಒಂಬತ್ತು ವಾರಕ್ಕೆ ಮರಿ, ಮರಿ ಇನ್ನೂ ಹಾಲು ಕುಡಿತಿರುವಾಗ್ಲೇ ಮತ್ತೆ ಗಬ್ಬ ನಿಲ್ಲಬಹುದು. ಸಂಕ್ರಾಂತಿ ತನಕ ಕಾಯೋದು ನಂಗೆ ಆಗುತ್ತೆ, ಅದಕ್ಕೆ ಆಗಲ್ಲ. ಸಂಕ್ರಾಂತಿ ಎಳ್ಳುಬೆಲ್ಲ ಹಂಚೋ ಹೊತ್ತಿಗೆ ಹೊಟ್ಟೆ ಇಳಿಬಿದ್ದಿತ್ತು.

ಅದೇ ಹೊತ್ತಿಗೆ ನಮ್ಮ ಮಗಳು ಏಳು ತಿಂಗಳ ಬಸುರಿ, ಸೀಮಂತ ಮುಗಿಸ್ಕೊಂಡು ತವರಿಗೆ ಬಂದ್ಲು. ಬಂದ ನೆಂಟರೆಲ್ಲಾ ಒಂದೇ ಮಾತು, ಬಸುರಿ ಇರೋ ಮನೇಲಿ ಬೆಕ್ಕು ಇರಬಾರದು, ಮೊದಲು ಓಡಿಸು ಅಂತ. ನಾನು ಹೆದರಿ ಮಗಳ ಹೆರಿಗೆ ಡಾಕ್ಟರನ್ನೇ ಕೇಳಿದೆ. ಅವರು ಸಮಾಧಾನವಾಗಿ ಬಿಡಿಸಿ ಹೇಳಿದ್ರು, ಟಾಕ್ಸೋಪ್ಲಾಸ್ಮಾ ಅಂತ ಒಂದು ರೋಗಾಣು ಇದೆ, ಅದು ಬೆಕ್ಕಿನ ಕಕ್ಕದಿಂದ ಬರುತ್ತೆ, ಮೈ ಸವರೋದ್ರಿಂದ ಬರೋದು ಕಷ್ಟ, ಹಾಕಿದ ತಕ್ಷಣ ಅಲ್ಲ, ಒಂದು ದಿನವಾದ್ರೂ ಕಳೆದ ಮೇಲೆ ಅದು ಹರಡೋ ಸ್ಥಿತಿಗೆ ಬರೋದು, ಅದಕ್ಕೆ ಗಲೀಜು ದಿನಾ ತೆಗೀಬೇಕು, ಬಸುರಿ ತೆಗೀಬಾರದು ಬೇರೆಯವರು ತೆಗೀಬೇಕು, ಮಣ್ಣು ಮುಟ್ಟಿದ್ರೆ ಕೈ ತೊಳೀಬೇಕು, ಸೊಪ್ಪು ತರಕಾರಿ ಚೆನ್ನಾಗಿ ತೊಳೀಬೇಕು, ಮಾಂಸ ತಿನ್ನೋರು ಪೂರ್ತಿ ಬೇಯಿಸಿ ತಿನ್ನಬೇಕು. ಅಷ್ಟೇ. ನಾನು ಹಿತ್ತಲ ಮೂಲೇಲಿ ಹಳೇ ಪ್ಲಾಸ್ಟಿಕ್ ಬಾಂಡ್ಲಿಗೆ ಮರಳು ತುಂಬಿ ಇಟ್ಟೆ, ಎರಡೇ ದಿನಕ್ಕೆ ಕಲಿತುಬಿಡ್ತು, ಕೆರೆದು ಹೋಗಿ ಮುಚ್ಚಿ ಬರೋದು. ದಿನಾ ಬೆಳಿಗ್ಗೆ ನಾನೇ ಒಂದು ತಗಡಲ್ಲಿ ಎತ್ತಿ ಹಾಕ್ತಿದ್ದೆ. ಮಗಳ ಹೆರಿಗೆ ಆಗಿ ಮೊಮ್ಮಗಳೂ ಬಂದ್ಲು, ಚೆನ್ನಾಗಿದಾಳೆ.

ಬೆಕ್ಕು ಅವಳಿಗಿಂತ ಮೊದಲೇ, ಶಿವರಾತ್ರಿ ಸುಮಾರಿಗೆ, ನಮ್ಮ ಅಟ್ಟದ ಮೇಲಿದ್ದ ಲೈನಿಂಗ್ ಬಟ್ಟೆ ಗಂಟಿನಲ್ಲಿ ನಾಲ್ಕು ಮರಿ ಹಾಕಿತ್ತು. ಅತ್ತೆ ಮೆಟ್ಟಿಲು ಹತ್ತಲಾರರು, ಕೆಳಗೆ ನಿಂತ್ಕೊಂಡೇ ಕೇಳೋರು, "ಬಾಣಂತಿಗೆ ಹಾಕಿದ್ಯೇನವ್ವಾ, ಬಾಣಂತಿ ಹಸ್ಕೊಂಡಿರಬಾರದು" ಅಂತ. ಮನೇಲಿ ಇಬ್ಬರು ಬಾಣಂತಿಯರು ಅಂತ ಅವರು ಎಣಿಸೋ ರೀತಿ ಕೇಳ್ಬೇಕಿತ್ತು ನೀವು. ಬೆಕ್ಕು ಮರಿ ಹಾಕಿದ್ರೆ ಏಳು ಮನೆ ತಿರುಗುತ್ತೆ ಅಂತಾರಲ್ಲ, ಅದು ನಿಜ. ಕೂಸಿನ ಅಳು, ನೆಂಟರ ಗದ್ದಲ, ಅದಕ್ಕೆ ಸರಿಬರ್ಲಿಲ್ಲ, ಯುಗಾದಿ ಹಿಂದಿನ ದಿನ ಒಂದೊಂದೇ ಮರೀನ ಕತ್ತು ಹಿಡ್ಕೊಂಡು ಕಾಂಪೌಂಡ್ ದಾಟಿ ಪಕ್ಕದ ಮನೆ ಸಜ್ಜಾ ಮೇಲೆ ಸಾಗಿಸ್ತು.

ಪಕ್ಕದ ಮನೆಯವರ ಹೆಸರು ಬರೆಯಲ್ಲ, ದಿನಾ ಮುಖ ನೋಡ್ಬೇಕಾದೋರು. ಅವರ ಕಡೆನೂ ನ್ಯಾಯ ಇತ್ತು, ಅದನ್ನ ನಾನು ಆವಾಗ ಕೇಳಿಸ್ಕೊಳ್ಳಲಿಲ್ಲ. ಸಜ್ಜಾ ಮೇಲೆ ಎತ್ತಿಟ್ಟಿದ್ದ ಅವರ ಹಾಸಿಗೆ ಮೇಲೆ ಮರಿಗಳು ಉಚ್ಚೆ ಹುಯ್ದಿದ್ವು, ಅವರ ಚಿಕ್ಕ ಮಗನಿಗೆ ವೀಜಿಂಗು, ಎರಡು ಸಲ ಬಂದು "ನಿಮ್ಮ ಬೆಕ್ಕು" ಅಂತ ಹೇಳಿದ್ರು, ನಾನು ಎರಡು ಸಲವೂ ಅದು ನಮ್ಮದಲ್ಲ ರೀ ಅಂದೆ. ಹೌದು, ಹಂಗೇ ಅಂದೆ. ದಿನಾ ಎರಡು ಹೊತ್ತು ತಟ್ಟೆ ಇಡೋಳು ನಾನು, ಗಂಟಿನ ಮೇಲೆ ಮಲಗಿಸೋಳು ನಾನು, ಜವಾಬ್ದಾರಿ ಬಂದಾಗ ನಮ್ಮದಲ್ಲ ಅಂದೆ. ಮೂರನೇ ಸಲ ಅವರು ಹೇಳೋಕೆ ಬರ್ಲಿಲ್ಲ, ಒಂದು ರಾತ್ರಿ ಮರಿಗಳನ್ನ ಸಿಮೆಂಟ್ ಚೀಲಕ್ಕೆ ಹಾಕ್ಕೊಂಡು ಸ್ಕೂಟರಲ್ಲಿ ಕುಂದವಾಡ ಕೆರೆ ಕಡೆ ಬಿಟ್ಟು ಬಂದ್ರು.

ನಂಗೆ ಗೊತ್ತಾಗಿದ್ದು ತಾಯಿ ಬೆಕ್ಕಿನ ಕೂಗಿಂದ. ಅದು ಊಟಕ್ಕೆ ಕೂಗೋ ಕೂಗಲ್ಲ. ಸಜ್ಜಾ ಮೇಲೆ, ನಮ್ಮ ಅಟ್ಟದ ಮೇಲೆ, ಮೇಷ್ಟ್ರ ಮನೆ ಶೆಡ್ಡಲ್ಲಿ, ರಾತ್ರಿ ಪೂರ್ತಿ ತಿರುಗಿ ತಿರುಗಿ ಕೂಗ್ತು, ತಟ್ಟೆ ಮುಟ್ಲಿಲ್ಲ. ಬೆಳಿಗ್ಗೆ ನಾನೇ ಹೋಗಿ ಕೇಳಿದೆ, ಅವರು ಮುಚ್ಚಿಡಲಿಲ್ಲ, "ಹೌದು, ಕೆರೆ ಹತ್ರ ಬಿಟ್ಟೆ, ವಾಕಿಂಗಿಗೆ ಜನ ಬರ್ತಾರೆ, ಯಾರಾದ್ರೂ ತಗೊಂಡು ಹೋಗ್ತಾರೆ" ಅಂದ್ರು. ಮೇಷ್ಟ್ರು, ನಾನು, ಪಿಜಿ ಹುಡುಗೀರಿಬ್ಬರು ಆಟೋ ಮಾಡ್ಕೊಂಡು ಹೋದ್ವಿ. ಏರಿ ಮೇಲೆ ವಾಕಿಂಗ್ ಬಂದೋರೂ ಕೆಲವರು ನಮ್ಮ ಜೊತೆ ಪೊದೆ ಪೊದೆ ಹುಡುಕಿದ್ರು. ಅವತ್ತು ಸಿಗಲಿಲ್ಲ. ಮಾರನೇ ದಿನ ಬೆಳಿಗ್ಗೆ ಮತ್ತೆ ಹೋದಾಗ ಕಲ್ಲಿನ ಸಂದಿಯಲ್ಲಿ ಮೂರು ಸಿಕ್ವು, ಒಂದರ ಮೇಲೊಂದು ಬಿದ್ದುಕೊಂಡು ನಡುಗ್ತಿದ್ವು, ಕಣ್ಣಿಗೆ ಪಿಚ್ಚು ಕಟ್ಟಿತ್ತು. ನಾಲ್ಕನೇದು, ಬರೀ ಬಿಳಿದು, ಸಿಗಲೇ ಇಲ್ಲ. ಇನ್ನೂ ಎರಡು ದಿನ ಹೋಗಿ ಹುಡುಕಿದೆ. ಐದು ವಾರದ ಮರಿ ಸ್ವಾಮಿ, ಅದಕ್ಕೆ ತಾನಾಗೇ ಬೇಟೆ ಆಡೋಕೆ ಬರುತ್ತಾ?

ಚೀಲದಲ್ಲಿ ಹಾಕ್ಕೊಂಡು ದೂರ ಬಿಟ್ಟು ಬರೋದು ನಮ್ಮ ಕಡೆ ಎಲ್ಲಾ ಮನೆಯಲ್ಲೂ ಮಾಡ್ಕೊಂಡು ಬಂದಿರೋದೇ, ಕೊಂದ್ರೆ ಪಾಪ, ಬಿಟ್ಟು ಬಂದ್ರೆ ಪಾಪ ಇಲ್ಲ ಅಂತ ಅಂದ್ಕೊಂಡಿದ್ದಾರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಹಸಿವು ಬಾಯಾರಿಕೆಯಿಂದ ನರಳೋ ಹಂಗೆ ಪ್ರಾಣೀನ ಬಿಟ್ಟು ಬರೋದೂ ಅಪರಾಧ. ವಿಷ ಹಾಕೋದಂತೂ ಇನ್ನೂ ದೊಡ್ಡದು, ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ನಿನಲ್ಲಿ ಐದು ವರ್ಷದ ತನಕ ಜೈಲು ಇದೆ. ನಾನು ಯಾರ ಮೇಲೂ ಕಂಪ್ಲೇಂಟ್ ಕೊಡಲಿಲ್ಲ, ಕೊಡೋ ಮುಖ ನಂಗೆ ಇರಲಿಲ್ಲ, ಮೇಷ್ಟ್ರ ಮಾತು ಡಿಸೆಂಬರಲ್ಲೇ ಕೇಳಿದ್ರೆ ಆ ಮರಿಗಳು ಹುಟ್ತಾನೇ ಇರಲಿಲ್ಲ, ಚೀಲಾನೂ ಬರ್ತಿರಲಿಲ್ಲ.

ಮರಿಗಳು ವಾಪಸ್ ಬರೋ ಹೊತ್ತಿಗೆ ತಾಯಿಗೆ ಹಾಲು ಕಟ್ಟಿ ಮೊಲೆ ಕಲ್ಲಾಗಿತ್ತು, ಮುಟ್ಟಿದ್ರೆ ಬಿಸಿ, ಮೈ ಎಲ್ಲಾ ಕೆಂಡ. ಜ್ವರ ಬಂದಿದೆ ಅಂತ ನಾನು ಮನೇಲಿದ್ದ ಜ್ವರದ ಮಾತ್ರೆ ಅರ್ಧ ಮುರಿದು ಪುಡಿ ಮಾಡ್ತಿದ್ದೆ, ಮೇಷ್ಟ್ರು ಕೈ ಹಿಡಿದು ನಿಲ್ಲಿಸಿದ್ರು. ಹಿಂದೆ ಅವರ ಮನೇಲಿದ್ದ ಬೆಕ್ಕಿಗೆ ಹಿಂಗೇ ಪ್ಯಾರಾಸಿಟಮಾಲ್ ಅರ್ಧ ಮಾತ್ರೆ ಕೊಟ್ಟಿದ್ರಂತೆ, ಸಂಜೆ ಹೊತ್ತಿಗೆ ಮುಖ ಊದಿ, ಒಸಡು ಕೆಂಪು ಹೋಗಿ ಕಂದು ಬಣ್ಣಕ್ಕೆ ತಿರುಗಿ, ಉಸಿರು ಎಳ್ಕೊಂಡು ಬೆಳಿಗ್ಗೆ ಸತ್ತೋಯ್ತಂತೆ. ಆ ಮಾತ್ರೇನ ಕರಗಿಸೋ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ, ರಕ್ತ ಆಮ್ಲಜನಕ ಹೊರೋದು ನಿಂತು ಹೋಗುತ್ತೆ ಅಂತ ಡಾಕ್ಟರ್ ಆಮೇಲೆ ಹೇಳಿದ್ರು. ಮಕ್ಕಳಿಗೆ ಕೊಡೋ ಮಾತ್ರೆ ತಾನೇ ಅಂತ ಪ್ರೀತಿಯಿಂದಲೇ ಕೊಟ್ಟು ಕೊಂದುಬಿಡ್ತೀವಿ ನಾವು. ಈ ಪತ್ರದಲ್ಲಿ ಬೇರೇನೂ ನೆನಪಿಡದಿದ್ರೂ ಪರವಾಗಿಲ್ಲ, ಇದೊಂದು ನೆನಪಿಡಿ. ತಾಯಿಗೆ ಇಂಜೆಕ್ಷನ್ ಆಯ್ತು, ಬಿಸಿ ಬಟ್ಟೆ ಶಾಖ ಕೊಟ್ವಿ, ಮರಿಗಳೂ ಕುಡಿದ್ವು, ನಾಲ್ಕು ದಿನಕ್ಕೆ ಎದ್ದು ಕೂತ್ಲು.

ಆಮೇಲೆ ಆಪರೇಷನ್ ಮಾಡ್ಸೋಕೆ ಹೊರಟಾಗ್ಲೇ ಗೊತ್ತಾಗಿದ್ದು ನಮ್ಮೂರಲ್ಲಿ ಬೆಕ್ಕಿಗೆ ದಿಕ್ಕಿಲ್ಲ ಅಂತ. ಒಂದು ಕಡೆ ಹೋದ್ರೆ ನಾಯಿದು ಮಾತ್ರ ಮಾಡೋದು ಅಂದ್ರು, ಇನ್ನೊಂದು ಕಡೆ ಬೆಕ್ಕು ಹಿಡಿಯೋರು ಇಲ್ಲ ನೀವೇ ತನ್ನಿ ಅಂದ್ರು, ತಂದ್ರೆ ಇವತ್ತಲ್ಲ ಅಂದ್ರು. ಎಲ್ಲಿ ಅಂತ ಬರೆಯೋದು ಬೇಡ, ಅಲ್ಲಿ ಕೆಲಸ ಮಾಡೋರಿಗೂ ಅವರದೇ ಕಷ್ಟ ಇರುತ್ತೆ. ಕೊನೆಗೆ ಪ್ರೈವೇಟ್ ಡಾಕ್ಟರ ಹತ್ರ ಮೇ ಕೊನೇಲಿ ಮಾಡಿಸಿದ್ವಿ, ಮರಿಗಳು ಹಾಲು ಬಿಟ್ಟ ಮೇಲೆ. ಔಷಧಿ ಎಲ್ಲಾ ಸೇರಿ 3 ಸಾವಿರ ಚಿಲ್ಲರೆ ಆಯ್ತು, ನಾಲ್ಕು ಕಡೆಯವರು ಪಾಲು ಹಾಕಿದ್ವಿ, ಎಗ್‌ರೈಸ್ ಅಣ್ಣ ಅವತ್ತಿನ ಗಲ್ಲಾ ದುಡ್ಡಲ್ಲೇ ಐನೂರು ತೆಗೆದು ಕೊಟ್ಟ, ಪಿಜಿ ಹುಡುಗೀರು ನೂರು ನೂರು ಅಂತ ಕೂಡಿಸಿ ತಂದ್ರು. ಪಕ್ಕದ ಮನೆಯವರು ಕೊಡಲಿಲ್ಲ, ನಾನೂ ಕೇಳಲಿಲ್ಲ.

ಒಯ್ಯೋದು ಹೆಂಗೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ, ನಂಗೂ ಗೊತ್ತಿರಲಿಲ್ಲ. ಗೋಣಿಚೀಲಕ್ಕೆ ಹಾಕಿದ್ರೆ ಉಸಿರು ಕಟ್ಟುತ್ತೆ, ಕೈಯಲ್ಲಿ ಎತ್ಕೊಂಡು ಆಟೋ ಹತ್ತಿದ್ರೆ ಹಾರಿ ಹೋಗುತ್ತೆ. ತರಕಾರಿ ಮಾರೋರ ಹತ್ರ ಎರಡು ಪ್ಲಾಸ್ಟಿಕ್ ಕ್ರೇಟ್ ತಗೊಂಡ್ವಿ, ಒಂದರೊಳಗೆ ಅದು ಮಲಗೋ ಅದೇ ಲೈನಿಂಗ್ ಬಟ್ಟೆ ಹಾಸಿ, ಇನ್ನೊಂದನ್ನ ಬೋರಲು ಮುಚ್ಚಿ, ಒಂದು ಕಡೆ ಮೊದಲೇ ಹಗ್ಗದಲ್ಲಿ ಬಿಗಿದು ಮುಚ್ಚಳದ ಥರ ಮಾಡ್ಕೊಂಡ್ವಿ, ಬೆಕ್ಕು ಒಳಗೆ ಹೋದ ಮೇಲೆ ಮೂರು ಕಡೆ ಕಟ್ಟಿದ್ವಿ, ಮೇಲೆ ಒಂದು ಹಳೇ ಸೀರೆ ಹೊದಿಸಿದ್ವಿ. ಕತ್ತಲಾದ್ರೆ ಸುಮ್ನಿರುತ್ತೆ. ಹಿಂದಿನ ರಾತ್ರಿ ಊಟ ಹಾಕಬಾರದು ಅಂದಿದ್ರು, ಅದಕ್ಕೆ ನಾಲ್ಕು ಕಡೆಗೂ ಫೋನ್ ಮಾಡಿ ಹೇಳ್ಬೇಕಾಯ್ತು, ಇಲ್ಲಾಂದ್ರೆ ಎಗ್‌ರೈಸ್ ಗಾಡಿ ಹತ್ರ ಹೋಗಿ ಮೊಟ್ಟೆ ತಿಂದು ಬಂದಿರೋದು. ಹಗ್ಗ ಕಟ್ಟೋವಾಗ ನಂಗೆ ಕೈಗೆ ಗೀರಿತು, ರಕ್ತ ಬಂತು. ಬೆಕ್ಕಿಂದಲೂ ರೇಬೀಸ್ ಬರುತ್ತೆ, ಮನೆ ಬೆಕ್ಕು ತಾನೇ ಅಂತ ಅರಿಶಿನ ಹಚ್ಚಿ ಸುಮ್ನಾಗಬೇಡಿ, ಹದಿನೈದು ನಿಮಿಷ ಹರಿಯೋ ನೀರಲ್ಲಿ ಸೋಪು ಹಚ್ಚಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ನಾನು ಸರ್ಕಾರಿ ಆಸ್ಪತ್ರೆಯಲ್ಲಿ 0, 3, 7, 28ನೇ ದಿನ ಅಂತ ನಾಲ್ಕು ಸಲ ಹೋಗಿ ಹಾಕಿಸ್ಕೊಂಡೆ, ದುಡ್ಡು ತಗೊಳ್ಳಲಿಲ್ಲ. ಬೆಕ್ಕಿಗೂ ರೇಬೀಸ್ ಲಸಿಕೆ ಹಾಕಿಸಿದ್ವಿ.

ಸಂಜೆ ಕ್ರೇಟ್ ಬಿಚ್ಚಿದಾಗ ಅತ್ತೆ ಮೊದಲು ನೋಡಿದ್ದು ಎಡಗಿವಿ. ತುದಿ ನೇರವಾಗಿ ಒಂದು ಚೂರು ಕತ್ತರಿಸಿತ್ತು. "ಯಾರವ್ವಾ ಕಿವಿ ಕೊಯ್ದೋರು" ಅಂತ ಕಣ್ಣಲ್ಲಿ ನೀರು ತಂದ್ಕೊಂಡ್ರು. ಮತ್ತಿನಲ್ಲಿ ಇರೋವಾಗ್ಲೇ ಮಾಡೋದು, ಆಪರೇಷನ್ ಆಗಿದೆ ಅಂತ ಗುರುತು, ಇಲ್ಲಾಂದ್ರೆ ನಾಳೆ ಇನ್ಯಾರೋ ಹಿಡ್ಕೊಂಡು ಹೋಗಿ ಮತ್ತೆ ಹೊಟ್ಟೆ ಕೊಯ್ಯಿಸ್ತಾರೆ ಅಂತ ಹೇಳಿದ ಮೇಲೆ ಸಮಾಧಾನ ಆದ್ರು. ನೀವು ಬೀದೀಲಿ ಹಿಂಗೆ ಕಿವಿ ಕತ್ತರಿಸಿ ಗುರುತು ಮಾಡಿರೋ ಬೆಕ್ಕೋ ನಾಯಿನೋ ನೋಡಿದ್ರೆ ಅದಕ್ಕೆ ಯಾರೋ ಈ ಕೆಲಸ ಮಾಡಿಸಿದ್ದಾರೆ ಅಂತ ತಿಳ್ಕೊಳ್ಳಿ. ಮರಿಗಳಲ್ಲಿ ಒಂದನ್ನ ಮೇಷ್ಟ್ರು ಇಟ್ಕೊಂಡ್ರು, ಒಂದು ಎಗ್‌ರೈಸ್ ಅಣ್ಣನ ಮನೆಗೆ, ಇನ್ನೊಂದು ಪಿಜಿ ಹುಡುಗಿ ಜೊತೆ ಚಿತ್ರದುರ್ಗಕ್ಕೆ ಹೋಯ್ತು. ಮೂರಕ್ಕೂ ವಯಸ್ಸಾದ ತಕ್ಷಣ ಆಪರೇಷನ್ ಮಾಡಿಸ್ತೀವಿ ಅಂತ ಮಾತು ತಗೊಂಡೇ ಕೊಟ್ಟಿದ್ದು.

ಈಗ ನಮ್ಮ ನಾಲ್ಕು ಕಡೆಯವರದ್ದು ಒಂದು ವಾಟ್ಸಾಪ್ ಗ್ರೂಪ್ ಇದೆ. ಬೆಳಿಗ್ಗೆ ಏಳಕ್ಕೆ ನಮ್ಮನೆ, ರಾತ್ರಿ ಗಾಡಿ ಅಣ್ಣನ ಮೊಟ್ಟೆ, ಮಧ್ಯೆ ಯಾರೂ ಹಾಕಲ್ಲ. ಇಪ್ಪತ್ತು ನಿಮಿಷಕ್ಕೆ ತಟ್ಟೆ ಎತ್ತಿಬಿಡ್ತೀನಿ, ಬಿಟ್ರೆ ಇರುವೆ, ಹೆಗ್ಗಣ, ನಾಯಿ ಎಲ್ಲಾ ಬರುತ್ತೆ, ಅಕ್ಕಪಕ್ಕದವರಿಗೆ ತೊಂದರೆ. ನೀರಿನ ಮಣ್ಣಿನ ಬಟ್ಟಲು ಮಾತ್ರ ದಿನಾಪೂರ್ತಿ ಇರುತ್ತೆ, ನಮ್ಮೂರ ಏಪ್ರಿಲ್ ಬಿಸಿಲಿಗೆ ಅದು ಬೇಕೇ ಬೇಕು. ಪಕ್ಕದ ಮನೆ ತುಳಸಿ ಕುಂಡದಲ್ಲಿ ಕೆರೀತಿತ್ತು, ಮಣ್ಣಿನ ಮೇಲೆ ದಪ್ಪ ಕಲ್ಲು ಹರಡಿ ಕೊಟ್ಟೆ, ನಿಂತೋಯ್ತು. ಅವರು ಈಗಲೂ ಮೊದಲಿನ ಹಂಗೆ ಮಾತಾಡಲ್ಲ, ಆದ್ರೆ ಮೊನ್ನೆ ಅವರ ಮಗ ಕಾಂಪೌಂಡ್ ಆಚೆಯಿಂದ ಪುಟ್ಟಿ ಅಂತ ಕರೀತಿದ್ದ.

ಸಂಪಾದಕರೇ, ನಾನು ಕೇಳೋದು ದೊಡ್ಡದೇನಲ್ಲ. 2001ರಲ್ಲಿ ಬಂದ ಜನನ ನಿಯಂತ್ರಣ ನಿಯಮದ ಹೆಸರಿನಲ್ಲೇ ನಾಯಿ ಅಂತ ಇತ್ತು, 2023ರ ಮಾರ್ಚಿನಲ್ಲಿ ಹೊಸ ನಿಯಮ ಬಂದಾಗ ಆ ಪದ ತೆಗೆದು ಪ್ರಾಣಿ ಜನನ ನಿಯಂತ್ರಣ ನಿಯಮ ಅಂತಲೇ ಮಾಡಿದ್ರು. ಪುಸ್ತಕದಲ್ಲಿ ಆದ ಬದಲಾವಣೆ ನಮ್ಮೂರಿಗೂ ಬರ್ಲಿ. ತಿಂಗಳಿಗೆ ಒಂದು ದಿನ, ಬರೀ ಒಂದೇ ದಿನ, ಬೆಕ್ಕಿನ ಆಪರೇಷನ್ನಿಗೆ ಅಂತ ಮಹಾನಗರ ಪಾಲಿಕೆ ಮತ್ತು ಪಶುಪಾಲನಾ ಇಲಾಖೆ ಸೇರಿ ಗೊತ್ತು ಮಾಡ್ಲಿ, ಯಾವ ದಿನ ಎಲ್ಲಿ ಅಂತ ನಿಮ್ಮ ಪೇಪರಲ್ಲಿ ಹಾಕ್ಲಿ, ಹಿಡಿದು ತರೋ ಕೆಲಸ ನಾವು ಊಟ ಹಾಕೋರು ಮಾಡ್ತೀವಿ, ಖರ್ಚಿಗೆ ಪಾಲೂ ಹಾಕ್ತೀವಿ. ಊಟ ಹಾಕೋ ಕೈಗೆ ಬೆಕ್ಕು ತಾನಾಗೇ ಬರುತ್ತೆ, ಬೇರೆ ಯಾರೂ ಹಿಡಿಯೋಕೆ ಆಗಲ್ಲ, ಅದಕ್ಕೇ ಈ ಕೆಲಸ ನಮ್ಮದು.

ಆ ಎರಡು ಕ್ರೇಟು, ಹಗ್ಗ, ಹಳೇ ಸೀರೆ ನಮ್ಮನೆ ಜಗಲಿ ಮೇಲೆ ತೊಳೆದು ಇಟ್ಟಿದ್ದೀನಿ. ನಿಟುವಳ್ಳಿ ಸುತ್ತಮುತ್ತ ಯಾರಿಗಾದ್ರೂ ಬೆಕ್ಕು ಒಯ್ಯೋಕೆ ಬೇಕಾದ್ರೆ ಎಗ್‌ರೈಸ್ ಗಾಡಿ ಹತ್ರ ಬಂದು ಮೂರು ಬಣ್ಣದ ಬೆಕ್ಕಿನ ಟೈಲರ್ ಅಕ್ಕನ ಮನೆ ಎಲ್ಲಿ ಅಂತ ಕೇಳಿ, ತೋರಿಸ್ತಾರೆ. ಕಟ್ಟೋಕೆ ಬರದಿದ್ರೆ ನಾನೇ ಬಂದು ಕಟ್ಟಿಕೊಡ್ತೀನಿ.

ಇಂತಿ,
ನಿಮ್ಮ ಪತ್ರಿಕೆಯ ಹಳೇ ಓದುಗಳು
ನಿಟುವಳ್ಳಿ, ದಾವಣಗೆರೆ